ಓಡದ ಕಾರಿನಲ್ಲಿ ಓಡುವ ಚೈನ್

ಶನಿವಾರ ಸಂಜೆ ಕಾಮರಾಜ ರಸ್ತೆಯಿಂದ ಕಮರ್ಷಿಯಲ್ ಸ್ಟ್ರೀಟಿನ ಕಡೆಗೆ ತಿರುಗಲು ಕಾದು ನಿಂತ ಕಾರುಗಳ ಸಾಲನ್ನು ಒಮ್ಮೆ ನೋಡಬೇಕು. ಒಳಗೆ ಎ.ಸಿ. ನಡೆಯುತ್ತಿರುತ್ತದೆ. ಹಿಂದಿನ ಸೀಟಿನಲ್ಲಿ ಮದುವೆ ಸೀರೆಗೆ ಒಪ್ಪುವ ಬ್ಲೌಸ್ ಪೀಸು, ಲೇಸು, ಬಳೆ ಹುಡುಕಲು ಹೊರಟವರು ಕೂತಿರುತ್ತಾರೆ. ಪಾರ್ಕಿಂಗ್ ಸಿಗುವ ಲಕ್ಷಣ ಕಾಣದು. ಕಾಲು ಗಂಟೆಯಲ್ಲಿ ಕಾರು ಮುಂದೆ ಸರಿದದ್ದು ನೂರಿನ್ನೂರು ಮೀಟರು. ಡ್ಯಾಶ್‌ಬೋರ್ಡಿನಲ್ಲಿ ಕಿಲೋಮೀಟರಿನ ಅಂಕಿ ಕದಲಿಲ್ಲ. ಬಾನೆಟ್ಟಿನ ಕೆಳಗೆ ಮಾತ್ರ ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟು ನಿಮಿಷಕ್ಕೆ ಏಳೆಂಟು ನೂರು ಸುತ್ತು ಹಾಕುತ್ತಲೇ ಇದೆ. ಅದೇ ಕಾಲು ಗಂಟೆಯಲ್ಲಿ ಅದು ಹತ್ತು ಸಾವಿರ ಸುತ್ತು ಮೀರಿರುತ್ತದೆ. ಪ್ರತಿ ಸುತ್ತಿಗೂ ಒಂದು ಉಕ್ಕಿನ ಸರಪಳಿಯನ್ನು ಎಳೆದಿರುತ್ತದೆ. ಅದೇ ಟೈಮಿಂಗ್ ಚೈನ್.

ಕಾರಿನ ಸರ್ವಿಸ್ ಪುಸ್ತಕ ಲೆಕ್ಕ ಇಡುವುದು ಕಿಲೋಮೀಟರಿನಲ್ಲಿ. ಚೈನ್ ಸವೆಯುವುದು ಎಂಜಿನ್ ತಿರುಗಿದಷ್ಟು ಹೊತ್ತು. ಈ ಎರಡು ಲೆಕ್ಕಗಳ ನಡುವಿನ ಅಂತರ ದೊಡ್ಡ ಹೆದ್ದಾರಿಯ ಊರಿನಲ್ಲಿ ಅಷ್ಟೇನೂ ಕಾಣಿಸದು, ಬೆಂಗಳೂರಿನಲ್ಲಿ ಕಣ್ಣಿಗೆ ಹೊಡೆಯುತ್ತದೆ. 2022ರ ಟಾಮ್‌ಟಾಮ್ ಸಂಚಾರ ಸೂಚ್ಯಂಕದ ಪ್ರಕಾರ ಬೆಂಗಳೂರಿನ ನಡುಭಾಗದಲ್ಲಿ 10 ಕಿ.ಮೀ. ದಾಟಲು ಸರಾಸರಿ 29 ನಿಮಿಷ ಬೇಕಿತ್ತು. ಆ ವರ್ಷದ ಪಟ್ಟಿಯಲ್ಲಿ ಲಂಡನ್ ಬಿಟ್ಟರೆ ನಮ್ಮದೇ ನಿಧಾನ. ಗಂಟೆಗೆ ಸುಮಾರು 20 ಕಿ.ಮೀ. ಎಂದಾಯಿತು. ಆ ವೇಗದಲ್ಲಿ 10,000 ಕಿ.ಮೀ. ಓಡಲು ಎಂಜಿನ್ 500 ಗಂಟೆ ದುಡಿಯಬೇಕು. ಕೆ.ಆರ್. ಪುರದಿಂದ ಕೋಲಾರಕ್ಕೆ ದಿನಾ ಹೋಗಿಬರುವವರ ಕಾರು ಗಂಟೆಗೆ 60ರ ಸರಾಸರಿಯಲ್ಲಿ ಅದೇ 10,000 ಕಿ.ಮೀ. ಮುಗಿಸುವುದು 167 ಗಂಟೆಯಲ್ಲಿ. ಹೆದ್ದಾರಿಯಲ್ಲಿ ಎಂಜಿನ್ ಜೋರಾಗಿ ತಿರುಗುತ್ತದೆ, ನಿಜ. ಆದರೆ ಆ ಓಟದಲ್ಲಿ ಎಣ್ಣೆ ಚೆನ್ನಾಗಿ ಬಿಸಿಯಾಗಿ, ಒತ್ತಡದಲ್ಲಿ ಹರಿಯುತ್ತದೆ. ಹಲಸೂರಿನಿಂದ ಶಿವಾಜಿನಗರಕ್ಕೆ, ಅಲ್ಲಿಂದ ಇಂದಿರಾನಗರಕ್ಕೆ ಮೂರು ನಾಲ್ಕು ಕಿ.ಮೀ.ನ ತುಂಡು ಓಡಾಟದ ಕಾರಿಗೆ ಆ ಭಾಗ್ಯವಿಲ್ಲ. ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ 'ಸಿಟಿ ಡ್ರಿವನ್, ಕಡಿಮೆ ಓಡಿದೆ' ಎಂಬುದು ಹೊಗಳಿಕೆಯ ಮಾತು. ಚೈನಿನ ದೃಷ್ಟಿಯಿಂದ ಅದು ಅಷ್ಟೇನೂ ಹೊಗಳಿಕೆಯಲ್ಲ.

ದಂಡು ಪ್ರದೇಶದ ಈ ರಸ್ತೆಗಳು ಕಾರಿಗಾಗಿ ಹುಟ್ಟಿದವಲ್ಲ. 1809ರಲ್ಲಿ ಬ್ರಿಟಿಷರು ಇಲ್ಲಿ ದಂಡು ಕಟ್ಟಿದಾಗ ಓಡಾಡುತ್ತಿದ್ದದ್ದು ಕುದುರೆ, ಎತ್ತಿನ ಗಾಡಿ. ಈಗಿನ ಕಾಮರಾಜ ರಸ್ತೆಗೆ ಕ್ಯಾವಲ್ರಿ ರೋಡ್ ಎಂದೇ ಹೆಸರಿತ್ತು. 2019ರಲ್ಲಿ ಮೆಟ್ರೊ ಸುರಂಗ ನಿಲ್ದಾಣದ ಕೆಲಸಕ್ಕಾಗಿ ಆ ರಸ್ತೆಯ ಎಂ.ಜಿ. ರಸ್ತೆ ಕಡೆಯ ತುದಿ ಮುಚ್ಚಿತು, 2024ರವರೆಗೆ ತೆರೆಯಲಿಲ್ಲ. ತೆರೆದಾಗಲೂ ಮೊದಲು ತೆರೆದದ್ದು ಒಂದೇ ಬದಿ. ನಡುವೆ 2020ರಲ್ಲಿ ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ಕಮರ್ಷಿಯಲ್ ಸ್ಟ್ರೀಟನ್ನೂ ಅಗೆದು ಕಲ್ಲು ಹಾಸಲಾಯಿತು. ಅಷ್ಟೂ ವರ್ಷ ಡಿಸ್ಪೆನ್ಸರಿ ರಸ್ತೆ, ಇಬ್ರಾಹಿಂ ಸಾಹೇಬ್ ಸ್ಟ್ರೀಟ್, ಕಬ್ಬನ್ ರಸ್ತೆಗಳಲ್ಲಿ ಸುತ್ತು ಹಾಕಿದ ಕಾರುಗಳ ಎಂಜಿನ್ ಗಂಟೆಗಳನ್ನು ಯಾವ ಕಡತದಲ್ಲೂ ಬರೆದಿಟ್ಟಿಲ್ಲ. ಅದೆಲ್ಲ ಚೈನಿನ ಕೊಂಡಿಗಳಲ್ಲಿ ಜಮೆಯಾಗಿದೆ.

ಟೈಮಿಂಗ್ ಚೈನ್ ಎಂದರೇನು ಎಂದು ಬೈಕಿನವರಿಗೆ ಹೇಳಬೇಕಿಲ್ಲ. ಸ್ಪ್ಲೆಂಡರ್, ಪಲ್ಸರ್ ಓಡಿಸಿದವರು 'ಟೈಮಿಂಗ್ ಚೈನ್ ಸೌಂಡ್ ಬರ್ತಿದೆ, ಚೇಂಜ್ ಮಾಡ್ಬೇಕು' ಎಂಬ ಮಾತನ್ನು ಒಮ್ಮೆಯಾದರೂ ಮೆಕ್ಯಾನಿಕ್ ಬಾಯಲ್ಲಿ ಕೇಳಿರುತ್ತಾರೆ. ಕೇಳಿ, ದುಡ್ಡು ಕೊಟ್ಟು, ಮಧ್ಯಾಹ್ನದೊಳಗೆ ಬೈಕ್ ತಂದಿರುತ್ತಾರೆ. ಅದೇ ಜನ ಕಾರಿಗೆ ಬಂದಾಗ ಮಾತ್ರ 'ಚೈನಾ? ಅದು ಲೈಫ್‌ಟೈಮ್ ಅಲ್ವಾ?' ಎನ್ನುತ್ತಾರೆ.

ಕೆಲಸ ಎರಡಕ್ಕೂ ಒಂದೇ. ಎಂಜಿನ್ನಿನ ಕೆಳಗೆ ಪಿಸ್ಟನ್‌ಗಳನ್ನು ಮೇಲೆ ಕೆಳಗೆ ಆಡಿಸುವ ಕ್ರ್ಯಾಂಕ್‌ಶಾಫ್ಟು, ಮೇಲೆ ಹೆಡ್ಡಿನಲ್ಲಿ ವಾಲ್ವುಗಳನ್ನು ತೆರೆದು ಮುಚ್ಚುವ ಕ್ಯಾಮ್‌ಶಾಫ್ಟು. ಗಾಳಿ ಒಳಗೆ ಬರುವುದು, ಒತ್ತುವುದು, ಉರಿಯುವುದು, ಹೊಗೆ ಹೊರಗೆ ಹೋಗುವುದು ಎಂಬ ನಾಲ್ಕು ಹಂತ ಮುಗಿಯುವಷ್ಟರಲ್ಲಿ ಕ್ರ್ಯಾಂಕು ಎರಡು ಸುತ್ತು, ಕ್ಯಾಮು ಒಂದೇ ಸುತ್ತು ತಿರುಗಬೇಕು. ಈ ಎರಡಕ್ಕೊಂದರ ಕರಾರನ್ನು ಹಿಡಿದಿಡುವುದು ಚೈನು. ಎಂಜಿನ್ 3,000 ಆರ್‌ಪಿಎಂನಲ್ಲಿದ್ದರೆ ಪ್ರತಿಯೊಂದು ವಾಲ್ವೂ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ. ಇಂದಿನ ಬಹುಪಾಲು ಎಂಜಿನ್‌ಗಳಲ್ಲಿ ವಾಲ್ವು ಕೆಳಗಿಳಿದು ಬರುವ ಜಾಗವೂ ಪಿಸ್ಟನ್ ಮೇಲೇರಿ ಬರುವ ಜಾಗವೂ ಒಂದೇ. ಒಂದು ಬಂದು ಹೋದ ಮೇಲೆ ಇನ್ನೊಂದು ಬರಬೇಕು. ಒಟ್ಟಿಗೆ ಬಂದರೆ ವಾಲ್ವು ಬೆಂಡು.

ಸರಪಳಿ ಹಳತಾದಾಗ 'ಚೈನ್ ಎಳೆದುಕೊಂಡಿದೆ' ಎನ್ನುವುದು ರೂಢಿ. ಉಕ್ಕು ರಬ್ಬರಿನಂತೆ ಹಿಗ್ಗುವುದಿಲ್ಲ. ಕಮರ್ಷಿಯಲ್ ಸ್ಟ್ರೀಟಿನ ಪಕ್ಕದ ಜ್ಯುವೆಲರ್ಸ್ ಸ್ಟ್ರೀಟಿನಲ್ಲಿ ಹತ್ತಿಪ್ಪತ್ತು ವರ್ಷ ಕೊರಳಲ್ಲಿದ್ದ ಚಿನ್ನದ ಸರ ಕೊಟ್ಟು ನೋಡಿ, ಅಕ್ಕಸಾಲಿಗರು ಭೂತಗನ್ನಡಿ ಹಿಡಿದು ತೋರಿಸುತ್ತಾರೆ: ಕೊಂಡಿಯೊಂದು ಇನ್ನೊಂದಕ್ಕೆ ತಾಗುವ ಜಾಗದಲ್ಲಿ ಮಾತ್ರ ಚಿನ್ನ ತೆಳುವಾಗಿರುತ್ತದೆ, ಸರ ಅಷ್ಟರಮಟ್ಟಿಗೆ ಉದ್ದವಾಗಿರುತ್ತದೆ. ಟೈಮಿಂಗ್ ಚೈನಿನಲ್ಲಿ ಆಗುವುದೂ ಇದೇ. ಪ್ರತಿ ಕೊಂಡಿಯ ಪಿನ್ನು ಅದರ ಬುಷ್ಷಿನೊಳಗೆ ಉಜ್ಜಿ ಉಜ್ಜಿ ಸವೆಯುತ್ತದೆ. ಒಂದು ಚೈನಿನಲ್ಲಿ 150 ಕೊಂಡಿ ಇವೆ ಎಂದುಕೊಳ್ಳಿ. ಒಂದೊಂದರಲ್ಲಿ ಮಿಲಿಮೀಟರಿನ ನೂರರಲ್ಲಿ ಎರಡು ಭಾಗ ಸವೆದರೂ ಒಟ್ಟು ಉದ್ದ 3 ಮಿ.ಮೀ. ಹೆಚ್ಚುತ್ತದೆ. ನೂರರಲ್ಲಿ ಎರಡು ಭಾಗ ಎಂದರೆ ತಲೆಗೂದಲಿಗಿಂತಲೂ ತೆಳು. ಆದರೆ ಆ 3 ಮಿ.ಮೀ. ಕ್ಯಾಮನ್ನು ಒಂದೆರಡು ಡಿಗ್ರಿ ಹಿಂದೆ ಬೀಳಿಸಲು ಸಾಕು.

ಇಂಥ ಬುಷ್ ರೋಲರ್ ಚೈನನ್ನು 1880ರಲ್ಲಿ ಮ್ಯಾಂಚೆಸ್ಟರಿನಲ್ಲಿ ರೂಪಿಸಿದವನು ಸ್ವಿಟ್ಜರ್ಲೆಂಡಿನಿಂದ ಬಂದು ನೆಲೆಸಿದ್ದ ಹ್ಯಾನ್ಸ್ ರೆನಾಲ್ಡ್. ಅವನ ಮೊದಲ ಗಿರಾಕಿಗಳು ಬಟ್ಟೆ ಗಿರಣಿಗಳು. ಪಿನ್ನಿನ ಮೇಲೆ ಬೀಳುವ ಭಾರವನ್ನು ಬುಷ್ಷಿನ ಉದ್ದಕ್ಕೂ ಹಂಚಿದರೆ ಸವೆತ ನಿಧಾನವಾಗುತ್ತದೆ ಎಂಬುದೇ ಅವನ ಉಪಾಯ. ಸವೆತ ನಿಧಾನವಾಯಿತು, ಅಷ್ಟೆ, ಇಲ್ಲವಾಗಲಿಲ್ಲ. ನೂರನಲವತ್ತು ವರ್ಷ ಕಳೆದರೂ ಇಲ್ಲವಾಗಿಲ್ಲ.

ಆ ಸಡಿಲವನ್ನು ನುಂಗಿಕೊಳ್ಳಲೆಂದೇ ಟೆನ್ಷನರ್ ಇದೆ. ಒಂದು ಸಣ್ಣ ಹೈಡ್ರಾಲಿಕ್ ಪಿಸ್ಟನ್ನು, ಎಂಜಿನ್ ಆಯಿಲಿನ ಒತ್ತಡದಿಂದ ಹೊರಗೆ ತಳ್ಳಿಕೊಂಡು ಪ್ಲಾಸ್ಟಿಕ್ ಹಾಸಿನ ಗೈಡಿನ ಮೂಲಕ ಚೈನನ್ನು ಬಿಗಿಯಾಗಿ ಹಿಡಿಯುತ್ತದೆ. ಚೈನು ಸವೆದಂತೆಲ್ಲ ಟೆನ್ಷನರ್ ಇನ್ನಷ್ಟು ಹೊರಗೆ ಬರುತ್ತದೆ. ಅದರ ಕೈ ಎಷ್ಟು ಉದ್ದವೋ ಅಷ್ಟರವರೆಗೆ ನಮಗೆ ಏನೂ ಗೊತ್ತಾಗುವುದಿಲ್ಲ.

ನಮ್ಮ ರಸ್ತೆಗಳಲ್ಲಿ ಚೈನಿನ ಕಥೆ ಒಂದು ಸುತ್ತು ಹೊಡೆದು ಬಂದಿದೆ. ಅಂಬಾಸಿಡರ್‌ನ 1,489 ಸಿ.ಸಿ. ಪೆಟ್ರೋಲ್ ಎಂಜಿನ್ನಿನಲ್ಲಿ ಚೈನಿತ್ತು, ಪ್ರೀಮಿಯರ್ ಪದ್ಮಿನಿಯಲ್ಲೂ ಇತ್ತು. ಆ ಎಂಜಿನ್‌ಗಳ ಒಟ್ಟಾರೆ ಗದ್ದಲದಲ್ಲಿ ಚೈನಿನ ಸದ್ದು ಬೇರೆಯಾಗಿ ಕೇಳಿಸುತ್ತಿದ್ದುದೂ ಅಷ್ಟಕ್ಕಷ್ಟೆ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಾಗ ಅದರ ಜೊತೆಗೆ ಹಲ್ಲಿನ ರಬ್ಬರ್ ಬೆಲ್ಟೂ ಬಂತು. ಸದ್ದಿಲ್ಲ, ತೂಕವಿಲ್ಲ, ಎಣ್ಣೆ ಬೇಡ. ಝೆನ್, ಸ್ಯಾಂಟ್ರೊಗಳೂ ಅದೇ ದಾರಿ ಹಿಡಿದವು. ಬೆಲ್ಟಿನ ಒಂದು ಗುಣ ಅದರ ಪ್ರಾಮಾಣಿಕತೆ: ಇಷ್ಟು ಸಾವಿರ ಕಿಲೋಮೀಟರಿಗೆ ಬದಲಿಸಿ ಎಂದು ಕಂಪನಿಯೇ ಬರೆದುಕೊಡುತ್ತದೆ. ಡೀಸೆಲ್ ಇನ್ನೋವಾದಲ್ಲಂತೂ ಸಮಯ ಬಂದಾಗ ಡ್ಯಾಶ್‌ಬೋರ್ಡಿನಲ್ಲಿ ಟೈಮಿಂಗ್ ಬೆಲ್ಟಿನ ದೀಪವೇ ಹೊತ್ತಿಕೊಳ್ಳುತ್ತಿತ್ತು.

ಆಮೇಲೆ ಚೈನು ಮರಳಿತು. 2007ರ ಜನವರಿಯಲ್ಲಿ ಸ್ವಿಫ್ಟ್ ಡೀಸೆಲ್ ಬಂತು, ಫಿಯೆಟ್ ಮೂಲದ 1,248 ಸಿ.ಸಿ. ಮಲ್ಟಿಜೆಟ್ ಎಂಜಿನ್ನಿನೊಡನೆ. ಮುಂದೆ ಟಾಟಾ ವಿಸ್ತಾ, ಫಿಯೆಟ್ ಪುಂಟೊ, ಡಿಜೈರ್, ರಿಟ್ಜ್, ಎರ್ಟಿಗಾ ಎಂದು ಕಂಡ ಕಂಡ ಕಾರಿನಲ್ಲೆಲ್ಲ ಅದೇ ಎಂಜಿನ್. ದೇಶದ ರಾಷ್ಟ್ರೀಯ ಎಂಜಿನ್ ಎಂದೇ ಅದಕ್ಕೆ ಅಡ್ಡಹೆಸರು ಬಿತ್ತು. 2008ರಲ್ಲಿ ಮಾರುತಿಯ ಕೆ-ಸೀರೀಸ್ ಪೆಟ್ರೋಲ್, ಹುಂಡೈನ ಕಪ್ಪಾ ಎರಡೂ ಚೈನ್ ತೊಟ್ಟೇ ಬಂದವು. 2020ರಲ್ಲಿ ಬಿಎಸ್6 ನಿಯಮ ಬಂದಾಗ ಮಾರುತಿ ಡೀಸೆಲ್ಲನ್ನೇ ಕೈಬಿಟ್ಟಿತು. ಆದರೆ ಆ ಹದಿಮೂರು ವರ್ಷಗಳ ಡೀಸೆಲ್ ಸ್ವಿಫ್ಟು, ಡಿಜೈರುಗಳು ಇನ್ನೂ ರಸ್ತೆಯಲ್ಲಿವೆ. ಶಿವಾಜಿನಗರದ ಗ್ಯಾರೇಜುಗಳಲ್ಲಿ ಬಾನೆಟ್ ಎತ್ತಿಸಿಕೊಂಡು ನಿಂತಿರುವ ಹಳೆ ಕಾರುಗಳಲ್ಲಿ ಅವನ್ನು ಕಾಣುವುದು ಕಷ್ಟವಲ್ಲ. ಚೈನ್ ಸವೆತಕ್ಕೆ ಈ ಎಂಜಿನ್ ಹೆಸರುವಾಸಿ ಎಂಬುದು ಮೆಕ್ಯಾನಿಕ್‌ಗಳಿಗೆಲ್ಲ ತಿಳಿದ ಮಾತು. ಎಂಜಿನ್ ಕೆಟ್ಟದ್ದೆಂದು ಇದರರ್ಥವಲ್ಲ. ಡೀಸೆಲ್ಲಿನ ಮಸಿ ಎಣ್ಣೆಗೆ ಸೇರಿ ಪಿನ್ನುಗಳನ್ನು ಮರಳುಕಾಗದದಂತೆ ತಿಕ್ಕುತ್ತದೆ, ಎಣ್ಣೆ ಬದಲಿಸುವುದನ್ನು ಮುಂದೂಡಿದಷ್ಟೂ ತಿಕ್ಕುವುದು ಹೆಚ್ಚು.

ದುಬಾರಿ ಕಾರುಗಳೂ ಇದರಿಂದ ಪಾರಾಗಿಲ್ಲ. ಫೋಕ್ಸ್‌ವ್ಯಾಗನ್ ಬಳಗದ 1.8 ಟಿಎಸ್‌ಐ ಎಂಜಿನ್ನಿನ ಟೆನ್ಷನರ್ ದೋಷ ಅಮೆರಿಕದಲ್ಲಿ ಕೋರ್ಟು ಮೆಟ್ಟಿಲೇರಿತು. ಬಿಎಂಡಬ್ಲ್ಯುವಿನ ಎನ್47 ಡೀಸೆಲ್ ಎಂಜಿನ್ನಿನಲ್ಲಿ ಚೈನನ್ನು ಗೇರ್‌ಬಾಕ್ಸ್ ಕಡೆಗೆ, ಎಂಜಿನ್ನಿನ ಬೆನ್ನಿಗೆ ಇಟ್ಟಿದ್ದಾರೆ. ಅಲ್ಲಿ ಚೈನ್ ಬದಲಿಸುವುದೆಂದರೆ ಸಾಮಾನ್ಯವಾಗಿ ಎಂಜಿನ್ನನ್ನೇ ಇಳಿಸುವುದು. ಜೀವಮಾನಪರ್ಯಂತ ಮುಟ್ಟಬೇಕಿಲ್ಲ ಎಂದು ನಂಬಿದವರು ಮಾತ್ರ ಅಂಥ ಜಾಗದಲ್ಲಿ ಚೈನ್ ಇಡಬಲ್ಲರು.

ಲೈಫ್‌ಟೈಮ್ ಎಂಬ ಈ ಮಾತಿನ ಬಗ್ಗೆ ನನಗೆ ತಕರಾರಿದೆ. ಯಾರ ಲೈಫ್‌ಟೈಮ್? ಮೊದಲ ಮಾಲೀಕನದೋ, ವಾರಂಟಿಯದೋ, ಎಂಜಿನ್ನಿನದೋ? ಚೈನು ಹೋದ ದಿನ ಎಂಜಿನ್ನೂ ಹೋದರೆ ಆ ಮಾತು ಅಕ್ಷರಶಃ ನಿಜವಾಗುತ್ತದೆ, ಅಷ್ಟೇ.

ಬೆಲ್ಟಿನಂತೆ ಚೈನು ತಟ್ಟನೆ ಕಡಿಯುವುದು ಅಪರೂಪ. ಅದು ಮೊದಲೇ ಸದ್ದು ಮಾಡುತ್ತದೆ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಕೀ ತಿರುಗಿಸಿದರೆ ಎರಡು ಮೂರು ಸೆಕೆಂಡು ಡಬ್ಬಿಯಲ್ಲಿ ಮೊಳೆ ಅಲ್ಲಾಡಿಸಿದಂಥ ಗರಗರ, ಆಮೇಲೆ ಶಾಂತ. ರಾತ್ರಿಯೆಲ್ಲ ಟೆನ್ಷನರಿನಿಂದ ಎಣ್ಣೆ ಇಳಿದುಹೋಗಿರುತ್ತದೆ, ಒತ್ತಡ ಏರುವಷ್ಟರಲ್ಲಿ ಸಡಿಲ ಚೈನು ಗೈಡಿಗೆ, ಕವರಿಗೆ ಬಡಿಯುತ್ತದೆ. ಈ ಸದ್ದು ಮಧ್ಯಾಹ್ನ ಗ್ಯಾರೇಜಿಗೆ ಹೋದಾಗ ಬರುವುದಿಲ್ಲ. ಅದಕ್ಕೇ ಅನುಭವವಿರುವ ಮೆಕ್ಯಾನಿಕ್ ಹೇಳುವುದು ಒಂದೇ ಮಾತು: 'ಸಾರ್, ರಾತ್ರಿ ಗಾಡಿ ಇಲ್ಲೇ ಬಿಟ್ಟೋಗಿ. ಬೆಳಗ್ಗೆ ನಾನೇ ಸ್ಟಾರ್ಟ್ ಮಾಡಿ ಕೇಳ್ತೀನಿ.' ಹಾಗೆ ಹೇಳುವವನನ್ನು ನಂಬಬಹುದು. ಬಿಸಿ ಎಂಜಿನ್ನಿನ ಸದ್ದು ಕೇಳಿ 'ಚೈನ್ ಹೋಗಿದೆ' ಎನ್ನುವವನನ್ನೂ, 'ಏನೂ ಇಲ್ಲ ಬಿಡಿ ಸಾರ್' ಎನ್ನುವವನನ್ನೂ ಒಂದೇ ತಕ್ಕಡಿಯಲ್ಲಿಡಬಹುದು. ಹಳೆ ಕಾರು ಕೊಳ್ಳಲು ಹೋಗುವವರಿಗೂ ಇದೇ ಸೂತ್ರ. ನೀವು ಬರುವ ಮೊದಲೇ ಮಾರುವವನು ಕಾರನ್ನು ಸ್ಟಾರ್ಟ್ ಮಾಡಿ ಬಿಸಿಯಾಗಿಟ್ಟಿದ್ದರೆ ಅನುಮಾನಪಡಿ.

ಸದ್ದಿನ ನಂತರದ ಹಂತ ಚೆಕ್ ಎಂಜಿನ್ ದೀಪ. ಕ್ರ್ಯಾಂಕಿನ ಸೆನ್ಸರ್ ಹೇಳುವುದಕ್ಕೂ ಕ್ಯಾಮಿನ ಸೆನ್ಸರ್ ಹೇಳುವುದಕ್ಕೂ ತಾಳೆಯಾಗದಿದ್ದಾಗ ಎಂಜಿನ್ ಕಂಪ್ಯೂಟರು ದಾಖಲಿಸುವ ಕೋಡು ಸಾಮಾನ್ಯವಾಗಿ ಪಿ0016. ಈ ಕೋಡು ಬಂತೆಂದರೆ ಚೈನೇ ಹೋಗಿದೆ ಎಂದಲ್ಲ. ಸೆನ್ಸರ್ ಕೆಟ್ಟಿರಬಹುದು, ವೈರು ಸಡಿಲವಿರಬಹುದು, ವಾಲ್ವು ತೆರೆಯುವ ಸಮಯ ಹೊಂದಿಸಲು ಕ್ಯಾಮಿನ ತುದಿಯಲ್ಲಿರುವ ವಿವಿಟಿಗೆ ಎಣ್ಣೆ ಹೋಗುತ್ತಿಲ್ಲದಿರಬಹುದು. ಎಣ್ಣೆ ಎಷ್ಟಿದೆ ಎಂದು ನೋಡುವ ಮೊದಲೇ ಚೈನ್ ಕಿಟ್ಟಿನ ಎಸ್ಟಿಮೇಟ್ ಬರೆಯುವ ವರ್ಕ್‌ಶಾಪಿನಿಂದ ಗಾಡಿ ಹೊರಗೆ ತನ್ನಿ. ಹಾಗೆಯೇ, ಕೋಡ್ ಅಳಿಸಿ 'ಸರಿಯಾಯ್ತು' ಎನ್ನುವವರ ಬಳಿ ಎರಡನೇ ಸಲ ಹೋಗಬೇಡಿ.

ಇದನ್ನೂ ದಾಟಿ ಓಡಿಸಿದರೆ ಸಡಿಲವಾದ ಚೈನು ಒಂದು ದಿನ ಸ್ಪ್ರಾಕೆಟ್ಟಿನ ಹಲ್ಲು ಹಾರುತ್ತದೆ. ಒಂದು ಹಲ್ಲು ಹಾರಿದರೆ ಪಿಕಪ್ ಸಾಯುತ್ತದೆ, ಎಂಜಿನ್ ನಡುಗುತ್ತದೆ. ಮೂರು ನಾಲ್ಕು ಹಾರಿದರೆ ವಾಲ್ವುಗಳು ಪಿಸ್ಟನ್ನಿಗೆ ಬಡಿಯುತ್ತವೆ. ಮಲ್ಟಿಜೆಟ್ಟಿನಲ್ಲಿ ಅದೃಷ್ಟವಿದ್ದರೆ ವಾಲ್ವಿನ ಮೇಲಿರುವ ರಾಕರ್ ಆರ್ಮುಗಳು ಮೊದಲು ಮುರಿದು ವಾಲ್ವು ಉಳಿಯುವುದುಂಟು. ಅದೃಷ್ಟದ ಮೇಲೆ ಎಂಜಿನ್ ನಡೆಸುವುದು ಬೇಡ. ಇನ್ನೊಂದು ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ: ಹಲ್ಲು ಹಾರುವ ಅಪಾಯ ಎಂಜಿನ್ ಓಡುವಾಗಿನದಕ್ಕಿಂತ ಸ್ಟಾರ್ಟ್ ಆಗುವ ಕ್ಷಣದಲ್ಲಿ ಹೆಚ್ಚು, ಆಗ ಟೆನ್ಷನರಿನಲ್ಲಿ ಒತ್ತಡವಿರುವುದಿಲ್ಲ. ಚೈನಿನ ಸದ್ದು ಇರುವ ಕಾರಿನ ಬ್ಯಾಟರಿ ಸತ್ತರೆ ತಳ್ಳಿ ಸ್ಟಾರ್ಟ್ ಮಾಡಬೇಡಿ. ಇಳಿಜಾರಿನಲ್ಲಿ ಹ್ಯಾಂಡ್‌ಬ್ರೇಕ್ ಎಳೆಯದೆ ಬರೀ ಗೇರಿನ ಮೇಲೆ ನಿಲ್ಲಿಸಬೇಡಿ. ಕಾರಿನ ಭಾರ ಎಂಜಿನ್ನನ್ನು ಹಿಮ್ಮುಖವಾಗಿ ಎಳೆದರೆ ಸಡಿಲವೆಲ್ಲ ಟೆನ್ಷನರ್ ಕಡೆಗೇ ಬಂದು ಕೂರುತ್ತದೆ.

ಕಮರ್ಷಿಯಲ್ ಸ್ಟ್ರೀಟಿನ ಜರಿ, ರೇಷ್ಮೆ, ಚಪ್ಪಲಿ ಅಂಗಡಿಗಳಿಂದ ಕೂಗಳತೆ ದೂರದಲ್ಲಿ ಶಿವಾಜಿನಗರದ ಗುಜರಿ ಇದೆ. 1927ರ ರಸೆಲ್ ಮಾರುಕಟ್ಟೆಯ ಸುತ್ತಿನ ಗಲ್ಲಿಗಳನ್ನು ಹಾದು ಹೋದರೆ ಬಿಚ್ಚಿಟ್ಟ ಬಾಗಿಲು, ಹೆಡ್‌ಲೈಟು, ಗೇರ್‌ಬಾಕ್ಸು, ಸಾಲಾಗಿ ನಿಲ್ಲಿಸಿದ ಎಂಜಿನ್ನುಗಳು. ದಖನಿ, ತಮಿಳು, ಕನ್ನಡ ಮೂರೂ ಒಂದೇ ವಾಕ್ಯದಲ್ಲಿ ಬೆರೆಯುವ ಜಾಗ ಇದು. 'ಭಾಯ್, ಸ್ವಿಫ್ಟ್ ಡೀಸೆಲ್ ಹೆಡ್ ಐತಾ?' ಎಂದರೆ ಹುಡುಗನೊಬ್ಬ ಒಳಗಿನ ರಾಶಿಯಿಂದ ತಂದು ಮುಂದಿಡುತ್ತಾನೆ. ಕಂಪನಿಯವರು ತಯಾರಿಕೆ ನಿಲ್ಲಿಸಿದ ಕಾರಿಗೆ ಬಂಪರೋ ಮಿರರೋ ಬೇಕಾದರೆ ಈ ಗುಜರಿಯಷ್ಟು ಉಪಕಾರ ಮಾಡುವ ಜಾಗ ನಗರದಲ್ಲಿ ಮತ್ತೊಂದಿಲ್ಲ. ನನಗೆ ಇದರ ಮೇಲೆ ಗೌರವವೇ ಇದೆ. ಸರಿಯಿರುವ ಟೈಮಿಂಗ್ ಕವರು, ಕ್ರ್ಯಾಂಕ್ ಪುಲ್ಲಿ, ಬೆಂಡಾಗದ ಹೆಡ್ಡು ಇಲ್ಲಿ ಕೊಳ್ಳಬಹುದು, ಬಿಲ್ಲು ಕೊಡುವ ಅಂಗಡಿಯಾದರೆ.

ಚೈನನ್ನು ಮಾತ್ರ ಗುಜರಿಯಲ್ಲಿ ಕೊಳ್ಳಬಾರದು. ಟೆನ್ಷನರನ್ನೂ, ಗೈಡನ್ನೂ ಅಷ್ಟೇ. ಬಿಚ್ಚಿದ ಎಂಜಿನ್ನಿನ ಚೈನು ಎಷ್ಟು ಗಂಟೆ ಓಡಿದೆ ಎಂದು ಮಾರುವವನಿಗೂ ತಿಳಿಯದು. ನೋಡಲು ಹೊಳೆಯುತ್ತದೆ, ಸವೆತ ಬುಷ್ಷಿನೊಳಗೆ ಅಡಗಿರುತ್ತದೆ. ಹೊಸದು ಬೇಕೆಂದರೆ ಜೆ.ಸಿ. ರಸ್ತೆಗೆ ಹೋಗುವುದು ಈ ಊರಿನ ಪದ್ಧತಿ. ಅಲ್ಲಿಯೂ ಒರಿಜಿನಲ್ ಡಬ್ಬಿಯಲ್ಲಿ ಡುಪ್ಲಿಕೇಟ್ ಚೈನು ಬರುವುದುಂಟು, ಆದ್ದರಿಂದ ಎಂಆರ್‌ಪಿ ಚೀಟಿ, ಹೊಲೊಗ್ರಾಮ್, ಪಾರ್ಟ್ ನಂಬರ್ ನೋಡಿ, ಜಿಎಸ್‌ಟಿ ಬಿಲ್ ಹಾಕಿಸಿಕೊಳ್ಳುವುದೇ ದಾರಿ. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ಬಿಲ್ ಬೇಡ, ಕಡಿಮೆಗೆ ಕೊಡ್ತೀನಿ ಎನ್ನುವವನ ಮಾತಿಗೆ ಮೊದಲಿದ್ದಷ್ಟು ಆಕರ್ಷಣೆಯೂ ಈಗ ಉಳಿದಿಲ್ಲ.

ಕೆಲಸ ನಡೆಯುವಾಗ ಹತ್ತಿರ ನಿಂತು ನೋಡಲು ಬಿಡುವ ಗ್ಯಾರೇಜ್ ಸಿಕ್ಕರೆ ನಿಂತು ನೋಡಿ. ಮೊದಲು ಬ್ಯಾಟರಿ ಕಳಚಿ, ಆಯಿಲ್ ಇಳಿಸುತ್ತಾರೆ. ಆ ಕಪ್ಪು ಎಣ್ಣೆಯನ್ನು ಟ್ರೇಯಲ್ಲಿ ಬೆರಳಿನಿಂದ ಉಜ್ಜಿ ಬೆಳಕಿಗೆ ಹಿಡಿದರೆ ಲೋಹದ ಪುಡಿ ಮಿನುಗುತ್ತದೋ ನೋಡಬಹುದು. ಚಕ್ರ, ಫೆಂಡರಿನ ಒಳಗಿನ ಪ್ಲಾಸ್ಟಿಕ್, ಆಲ್ಟರ್ನೇಟರ್ ಬೆಲ್ಟು ಕಳಚಿದ ಮೇಲೆ ಎಂಜಿನ್ನಿನ ಕೆಳಗೆ ಜ್ಯಾಕಿಟ್ಟು ಆ ಬದಿಯ ಮೌಂಟಿಂಗ್ ಬಿಚ್ಚುತ್ತಾರೆ. ಕ್ರ್ಯಾಂಕ್ ಪುಲ್ಲಿಯ ಬೋಲ್ಟು ಸುಲಭಕ್ಕೆ ಬರುವಂಥದ್ದಲ್ಲ. ಪಾನಾದ ಹಿಡಿಗೆ ಪೈಪು ಸೇರಿಸಿ ಇಬ್ಬರು ಭಾರ ಬಿಡಬೇಕಾಗುತ್ತದೆ. ಮಲ್ಟಿಜೆಟ್ಟಿನಲ್ಲಿ ಆಯಿಲ್ ಪಂಪು ಟೈಮಿಂಗ್ ಕವರಿನಲ್ಲೇ ಇದೆ, ಹಾಗಾಗಿ ಕೆಳಗೆ ಎಣ್ಣೆ ನಿಲ್ಲುವ ಸಂಪನ್ನೂ ಇಳಿಸುತ್ತಾರೆ. ಇದು ವರವೇ. ಮುರಿದ ಗೈಡಿನ ಪ್ಲಾಸ್ಟಿಕ್ ಚೂರುಗಳು ಸಂಪಿನೊಳಗೆ ಬಿದ್ದು ಆಯಿಲ್ ಎಳೆಯುವ ಜರಡಿಗೆ ಅಂಟಿರುತ್ತವೆ. ಅವನ್ನು ತೆಗೆಯದೆ ಹೊಸ ಚೈನ್ ಹಾಕಿದರೆ ಎಣ್ಣೆ ಸಾಲದೆ ಅದೂ ಬೇಗ ಸವೆಯುತ್ತದೆ.

ಕವರು ತೆಗೆದ ಮೇಲಿನ ಕೆಲಸ ಅವಸರದ್ದಲ್ಲ. ಮೊದಲ ಪಿಸ್ಟನ್ನನ್ನು ಟಿಡಿಸಿಗೆ, ಅಂದರೆ ಅದು ಏರುವ ತುತ್ತತುದಿಗೆ ತಂದು, ಕ್ಯಾಮನ್ನೂ ಫ್ಲೈವೀಲನ್ನೂ ಲಾಕಿಂಗ್ ಟೂಲಿನಿಂದ ಕಟ್ಟಿಹಾಕಬೇಕು. ಟೂಲ್ ಇಲ್ಲದೆ ಪೇಂಟಿನ ಗುರುತು ಹಾಕಿ ಅಂದಾಜಿನಲ್ಲಿ ಹೊಂದಿಸುವವರೂ ಇದ್ದಾರೆ. ಅವರಲ್ಲಿ ನಿಪುಣರೂ ಇದ್ದಾರೆ. ಆದರೂ ಸವೆದ ಚೈನಿನ ಮೇಲೆ ಹಾಕಿದ ಗುರುತು ಸವೆತವನ್ನೂ ಸೇರಿಸಿಯೇ ಗುರುತು ಮಾಡಿರುತ್ತದೆ ಎಂಬುದನ್ನು ಮರೆಯಬಾರದು. ಟೂಲ್ ಇದೆಯೇ ಎಂದು ಮೊದಲೇ ಕೇಳುವುದು ನಿಮ್ಮ ಹಕ್ಕು. ಹಳೆ ಚೈನು ಕೈಗೆ ಬಂದ ಮೇಲೆ ಹೊಸದರ ಪಕ್ಕದಲ್ಲಿ ಮೊಳೆಗೆ ನೇತುಹಾಕಿ ತೋರಿಸಲು ಹೇಳಿ. ಸವೆದದ್ದಾದರೆ ಹಳತು ಕೆಳಗೆ ಇಳಿಬಿದ್ದಿರುತ್ತದೆ. ಅಡ್ಡಡ್ಡಲಾಗಿ ಹಿಡಿದರೆ ಬಿಲ್ಲಿನಂತೆ ಬಾಗುತ್ತದೆ. ಎರಡೂ ಸಮವಾಗಿದ್ದು ಟೆನ್ಷನರೂ ಗಟ್ಟಿಯಾಗಿದ್ದರೆ ನಿಮ್ಮ ದುಡ್ಡು ವ್ಯರ್ಥವಾಗಿ ಹೋಯಿತು ಎಂದರ್ಥ.

ಹೊಸ ಚೈನಿನ ಬಣ್ಣದ ಕೊಂಡಿಗಳನ್ನು ಸ್ಪ್ರಾಕೆಟ್ಟಿನ ಗುರುತುಗಳಿಗೆ ಕೂರಿಸಿ, ಗೈಡು ಕಟ್ಟಿ, ಕೊನೆಗೆ ಟೆನ್ಷನರಿನ ಪಿನ್ನು ಎಳೆದಾಗ 'ಟಕ್' ಎಂದು ಚೈನು ಬಿಗಿಯಾಗುತ್ತದೆ. ಆಮೇಲೆ ಲಾಕಿಂಗ್ ಟೂಲ್ ತೆಗೆದು, ಪಾನಾ ಹಾಕಿ ಕೈಯಿಂದಲೇ ಎಂಜಿನ್ನನ್ನು ಎರಡು ಪೂರ್ತಿ ಸುತ್ತು ತಿರುಗಿಸಬೇಕು, ಅದೂ ಎಂಜಿನ್ ತಿರುಗುವ ದಿಕ್ಕಿನಲ್ಲೇ. ಎಲ್ಲಾದರೂ ತಡೆದಂತೆ ಕಂಡರೆ ಅಲ್ಲೇ ನಿಲ್ಲಬೇಕು. ಎರಡು ಸುತ್ತಿನ ನಂತರ ಲಾಕಿಂಗ್ ಟೂಲು ಮತ್ತೆ ಸಲೀಸಾಗಿ ಕೂರಬೇಕು. ಸ್ಪ್ರಾಕೆಟ್ಟಿನ ಗುರುತು ಸರಿಯಾಗಿ ಬಂದರೂ ಬಣ್ಣದ ಕೊಂಡಿ ಅಲ್ಲಿರುವುದಿಲ್ಲ. ಅದು ಮತ್ತೆ ಅದೇ ಜಾಗಕ್ಕೆ ಬರಲು ಬಹಳ ಸುತ್ತು ಬೇಕು, ಗಾಬರಿ ಬೇಡ. ಸ್ಟಾರ್ಟರ್ ಮೋಟಾರಿನಿಂದಲೇ ಮೊದಲ ಸಲ ತಿರುಗಿಸುವವರು ಹತ್ತು ನಿಮಿಷ ಉಳಿಸುತ್ತಾರೆ, ತಪ್ಪಿದರೆ ಹೆಡ್ಡು ಕಳೆಯುತ್ತಾರೆ. ಕವರಿಗೆ ಪೇಸ್ಟು, ಕ್ರ್ಯಾಂಕಿಗೆ ಹೊಸ ಸೀಲು, ಹೊಸ ಫಿಲ್ಟರು, ಹೊಸ ಎಣ್ಣೆ. ಇಂಧನದ ಫ್ಯೂಸ್ ತೆಗೆದು ಕೆಲವು ಸೆಕೆಂಡು ಸೆಲ್ಫ್ ಹೊಡೆದು ಟೆನ್ಷನರಿಗೆ ಎಣ್ಣೆ ತುಂಬಿಸಿದ ಮೇಲಷ್ಟೇ ಸ್ಟಾರ್ಟ್.

ಚೈನ್ ಒಂದನ್ನೇ ಬದಲಿಸಿ ಟೆನ್ಷನರು, ಗೈಡು, ಸ್ಪ್ರಾಕೆಟ್ಟು ಹಳೆಯದನ್ನೇ ಉಳಿಸುವುದು ದಂಡದ ಉಳಿತಾಯ. ಕೂಲಿ ಎರಡಕ್ಕೂ ಒಂದೇ. 'ಫುಲ್ ಕಿಟ್' ಎಂದೇ ಎಸ್ಟಿಮೇಟಿನಲ್ಲಿ ಬರೆಸಿ. ಸಣ್ಣ ಕಾರಿಗೂ ಕಿಟ್ಟು, ಕೂಲಿ, ಎಣ್ಣೆ ಸೇರಿ ಬಿಲ್ಲು ಐದಂಕಿಗೆ ಹೋಗುತ್ತದೆ. ಹಲ್ಲು ಹಾರಿದ ಮೇಲೆ ಬಂದರೆ ವಾಲ್ವು, ಹೆಡ್ ಗ್ಯಾಸ್ಕೆಟ್ಟು, ಲೇತ್ ಕೆಲಸ ಎಂದು ಅದರ ಹಲವು ಪಟ್ಟು. ಹದಿನೈದು ವರ್ಷದ ಕಾರಿಗೆ ಅದು ಮೂಗಿಗಿಂತ ಮೂಗುತಿ ಭಾರ. ಇನ್ಶೂರೆನ್ಸ್ ಇದೆಯಲ್ಲ ಎಂದುಕೊಳ್ಳಬೇಡಿ. ಸಾಮಾನ್ಯ ಮೋಟಾರ್ ಪಾಲಿಸಿಯಲ್ಲಿ ಸವೆತಕ್ಕೂ ಯಾಂತ್ರಿಕ ದೋಷಕ್ಕೂ ಪರಿಹಾರವಿಲ್ಲ.

ಇಷ್ಟಕ್ಕೂ ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತುವ ಪರಿಸ್ಥಿತಿ ತಂದುಕೊಳ್ಳುವವರು ನಾವೇ. ಉಗುರು ಎಂದರೆ ಎಣ್ಣೆ. ಚೈನಿನ ಪಿನ್ನಿಗೂ ಬುಷ್ಷಿಗೂ ನಡುವೆ ಇರುವುದು, ಟೆನ್ಷನರನ್ನು ತಳ್ಳುವುದು ಅದೇ. ತುಂಡು ಓಡಾಟದಲ್ಲಿ ರೇಡಿಯೇಟರಿನ ನೀರು ಬಿಸಿಯಾದರೂ ಎಣ್ಣೆ ಪೂರ್ತಿ ಬಿಸಿಯಾಗುವ ಮೊದಲೇ ಕಾರು ನಿಂತುಬಿಡುತ್ತದೆ. ಉರಿಯದ ಇಂಧನ, ತೇವ ಅದರಲ್ಲೇ ಉಳಿಯುತ್ತವೆ. ತೈಲ ಉದ್ಯಮಕ್ಕೂ ಈ ವಿಷಯ ತಡವಾಗಿಯಾದರೂ ಅರಿವಾಗಿದೆ. 2020ರ ಮೇ ತಿಂಗಳಲ್ಲಿ ಜಾರಿಗೆ ಬಂದ ಎಪಿಐ ಎಸ್‌ಪಿ ದರ್ಜೆಯ ಪೆಟ್ರೋಲ್ ಎಂಜಿನ್ ಎಣ್ಣೆಗಳಿಗೆ ಟೈಮಿಂಗ್ ಚೈನ್ ಎಷ್ಟು ಸವೆಯುತ್ತದೆ ಎಂದು ಅಳೆಯುವ ಪರೀಕ್ಷೆಯನ್ನೇ ಸೇರಿಸಿದ್ದಾರೆ. ಡಬ್ಬಿಯ ಹಿಂದೆ ಆ ಎರಡಕ್ಷರ ಇದೆಯೇ ನೋಡಿಕೊಳ್ಳುವುದು ಕಷ್ಟದ ಕೆಲಸವಲ್ಲ. ಡೀಸೆಲ್ಲಿನವರು ತಮ್ಮ ಕೈಪಿಡಿ ಹೇಳಿದ ದರ್ಜೆಗೆ ಅಂಟಿಕೊಳ್ಳಬೇಕು.

ಕೈಪಿಡಿಯಲ್ಲೇ ಇನ್ನೊಂದು ಪುಟವಿದೆ, ಯಾರೂ ಓದದ ಪುಟ. 10,000 ಕಿ.ಮೀ. ಅಥವಾ ಒಂದು ವರ್ಷ ಎಂಬ ದೊಡ್ಡಕ್ಷರದ ಕೋಷ್ಟಕದ ಆಚೆ ಕಠಿಣ ಬಳಕೆಯ ಕೋಷ್ಟಕ ಸಣ್ಣಕ್ಷರದಲ್ಲಿರುತ್ತದೆ. ಪದೇಪದೇ ಸಣ್ಣ ಓಡಾಟ, ನಿಂತು ಹೊರಡುವ ಸಂಚಾರ, ಬಹಳ ಹೊತ್ತು ಐಡಲಿಂಗ್, ಧೂಳು: ಇವುಗಳಲ್ಲಿ ಎಣ್ಣೆಯನ್ನು ಬೇಗ ಬದಲಿಸಿ ಎಂದು ಅದು ಹೇಳುತ್ತದೆ. ಹಲಸೂರು, ಶಿವಾಜಿನಗರ, ಇಂದಿರಾನಗರದ ಕಾರುಗಳಿಗೆ ಈ ನಾಲ್ಕೂ ಅನ್ವಯಿಸುತ್ತವೆ. ಕಂಪನಿ ಕಠಿಣ ಎಂದು ಕರೆಯುವುದು ನಮ್ಮ ಸೋಮವಾರ. ಹಾಗಾಗಿ ನನ್ನ ತೀರ್ಮಾನ ಇಷ್ಟು: ಊರೊಳಗೇ ಓಡುವ ಕಾರಿಗೆ 5,000 ಕಿ.ಮೀ. ಅಥವಾ ಆರು ತಿಂಗಳು, ಯಾವುದು ಮೊದಲೋ ಆಗ ಎಣ್ಣೆ ಮತ್ತು ಫಿಲ್ಟರ್ ಬದಲಿಸಬೇಕು. ಸರ್ವಿಸ್ ಅಡ್ವೈಸರ್ 'ಬೇಕಾಗಿಲ್ಲ ಸಾರ್' ಎಂದರೂ ಬದಲಿಸಬೇಕು. ವರ್ಷಕ್ಕೆ ಹೆಚ್ಚಾಗುವ ಖರ್ಚು ಕಮರ್ಷಿಯಲ್ ಸ್ಟ್ರೀಟಿನಲ್ಲಿ ಒಂದು ಸಾಧಾರಣ ಸೀರೆಯ ಬೆಲೆ.

ಭಾನುವಾರ ಬೆಳಿಗ್ಗೆ ಕಾರು ರಾತ್ರಿಯಿಂದ ನಿಂತೇ ಇರುತ್ತದೆ. ಸ್ಟಾರ್ಟ್ ಮಾಡುವ ಮೊದಲು ಡಿಪ್‌ಸ್ಟಿಕ್ ಎಳೆದು ಎಣ್ಣೆ ಎರಡು ಗುರುತುಗಳ ನಡುವೆ ಇದೆಯೇ ನೋಡಿ. ಕಿಟಕಿ ಇಳಿಸಿ, ಎ.ಸಿ. ಮತ್ತು ರೇಡಿಯೊ ಆರಿಸಿ, ಕೀ ತಿರುಗಿಸಿ ಮೊದಲ ಮೂರು ಸೆಕೆಂಡಿನ ಸದ್ದು ಕೇಳಿ. ಗರಗರ ಕೇಳಿಸಿದರೆ ಮೊಬೈಲಿನಲ್ಲಿ ಅದನ್ನು ರೆಕಾರ್ಡ್ ಮಾಡಿ ಇಟ್ಟುಕೊಳ್ಳಿ, ಮರುದಿನ ಗ್ಯಾರೇಜಿನಲ್ಲಿ ಅದು ಬೇಕಾಗುತ್ತದೆ.